ತಪಾಸಣೆಗೆ ದುಡ್ಡು ಯಾರು ಕೊಡ್ತಾರೆ?

ಹೊಸೂರಲ್ಲಿ ಕೆಲಸಕ್ಕೆ ಸೇರಿ ಬಾಡಿಗೆ ಕೋಣೆ ಹಿಡಿದವರು ಇಲ್ಲೇ ಹಲವರಿದ್ದೀರಿ. ಗೋಡೆ ಒಸರುತ್ತೆ, ಆರೇಳು ಜನಕ್ಕೆ ಒಂದೇ ಕಕ್ಕಸು. ನೀರು, ಕರೆಂಟು ಕಡಿಯೋ ಹಾಗಿಲ್ಲ ಅಂತ ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ ಹೇಳುತ್ತೆ, ಸರಿ. ಆದರೆ ಬಾಡಿಗೆದಾರ ಅರ್ಜಿ ಹಾಕಿದ ಮೇಲೆ ತಾನೇ ವಿಚಾರಣೆ? ಮಾಲೀಕ ‘ಖಾಲಿ ಮಾಡು’ ಅಂದುಬಿಟ್ಟರೆ? ಯಾರು ಬಾಯಿ ಬಿಡ್ತಾರೆ!

ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್ 2013ರಲ್ಲಿ ಬೇರೆ ದಾರಿ ಹಿಡಿಯಿತು. ಮನೆ ಬಾಡಿಗೆಗೆ ಕೊಡಬೇಕಾದರೆ ಮಾಲೀಕ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕು. ಆ ಶುಲ್ಕದಿಂದಲೇ ತಪಾಸಣೆ ನಡೆಯುತ್ತೆ. ಇಂಗ್ಲೆಂಡಿನಲ್ಲಿ 2017ರಲ್ಲಿ 30,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರವೂ ಕೌನ್ಸಿಲ್‌ಗಳಿಗೆ ಬಂತು, ಆ ಹಣವೂ ಇದೇ ಕೆಲಸಕ್ಕೆ.

ಶುಲ್ಕವನ್ನು ಬಾಡಿಗೆಗೇ ಸೇರಿಸ್ತಾರೆ ಅನ್ನೋ ಭಯ ಸುಳ್ಳಲ್ಲ. ಆದರೂ ಐದು ವರ್ಷಕ್ಕೊಮ್ಮೆ ಕಟ್ಟೋ ಶುಲ್ಕವನ್ನು ತಿಂಗಳಿಗೆ ಹಂಚಿ ನೋಡಿ. ಹೊಸೂರು ಪಾಲಿಕೆಗೆ ಕೊಡೋ ಮನವಿಯಲ್ಲಿ ‘ತಪಾಸಣೆ ಮಾಡಿ’ ಅಂತಷ್ಟೇ ಬೇಡ, ಹಣ ಎಲ್ಲಿಂದ ಅನ್ನೋದನ್ನೂ ಬರೆಯೋಣ.