ದಲ್ಲಾಳಿಯ ಮಾತು, ನಮ್ಮ ಹೊಣೆ



ರಾಯಲ್ಪಾಡಿನಲ್ಲಿ ನಿವೇಶನ ಅರಸುವ ನಾವು ದಲ್ಲಾಳಿಯಲ್ಲಿ ಮೊದಲು ಕೇಳುವುದು ದರವನ್ನು, ದಾಖಲೆಯನ್ನಲ್ಲ. 'ನಾಳೆ ಬೇರೊಬ್ಬರು ಮುಂಗಡ ಕೊಡುತ್ತಾರೆ' ಎಂಬ ಒಂದೇ ಮಾತಿಗೆ ಜೀವಮಾನದ ಉಳಿತಾಯವನ್ನು ಒಪ್ಪಿಸಿಬಿಡುತ್ತೇವೆ.

ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶಗಳನ್ನು ತಾನಾಗಿ ಮುಂದಿಡುವವನೇ ಯೋಗ್ಯ ದಲ್ಲಾಳಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಮಾರುವುದು 1978ರ ಕಾಯ್ದೆಯಂತೆ ಅಸಿಂಧು. ರೇರಾದಲ್ಲಿ ನೋಂದಾಯಿತವಾದ ಬಡಾವಣೆಯ ನಿವೇಶನ ಮಾರಿಸುವ ದಲ್ಲಾಳಿಗೂ 2016ರ ಕಾಯ್ದೆಯು ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಆ ಸಂಖ್ಯೆಯನ್ನು ಕೇಳಲು ಸಂಕೋಚವೇಕೆ?

ದಲ್ಲಾಳಿಗಳೆನಿಸಿದ್ದವರನ್ನು ಪ್ರವಾದಿವರ್ಯರು(ಸ) 'ವರ್ತಕರೇ' ಎಂದು ಗೌರವದಿಂದ ಕರೆದರು. ವ್ಯಾಪಾರದಲ್ಲಿ ಪೊಳ್ಳುಮಾತು, ಆಣೆಗಳು ನುಸುಳುವುದರಿಂದ ಅದರೊಡನೆ ದಾನವನ್ನು ಬೆರೆಸಲು ಹೇಳಿದರು. ದೋಷ ಮುಚ್ಚಿಟ್ಟ ವ್ಯವಹಾರದ ಬರಕತ್ ಅಳಿಯುವುದೆಂದೂ ಎಚ್ಚರಿಸಿದರು. ಆ ಗೌರವಕ್ಕೆ ಅರ್ಹರಾಗುವುದು ದಲ್ಲಾಳಿ ಸಹೋದರರ ಹೊಣೆ. ಅರ್ಹರನ್ನೇ ಆರಿಸುವುದು ನಮ್ಮ ಹೊಣೆ.