ಜೋಜಿಲಾದಲ್ಲಿ ಟ್ಯಾಂಕು: ಜನರಲ್ ತಿಮ್ಮಯ್ಯ ಮತ್ತು ಸೇನಾ ಸಿದ್ಧಾಂತ

ಪಾಕಿಸ್ತಾನದೊಂದಿಗಿನ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ಸೆಪ್ಟೆಂಬರಿನಲ್ಲಿ, ಲಡಾಖ್‌ಗೆ ಹೋಗುವ ದಾರಿಯ ಜೋಜಿಲಾ ಕಣಿವೆಯನ್ನು ಹಿಡಿಯಲು ಹೊರಟ ಭಾರತೀಯ ಸೇನೆ ಬರಿಗೈಯಲ್ಲಿ ಹಿಂದಿರುಗಿತು. ಎರಡೂ ಬದಿಯ ಬಂಡೆಗಳ ಸಂದಿನಲ್ಲಿ ಎದುರಾಳಿಗಳ ಮೆಷಿನ್‌ಗನ್ನುಗಳು ಹೊಂಚು ಹಾಕಿದ್ದವು. ಕಾಲಾಳುಗಳು ಎಷ್ಟೇ ಕೆಚ್ಚಿನಿಂದ ನುಗ್ಗಿದರೂ ಗುಂಡಿಗೆ ಎದೆಯೊಡ್ಡಬೇಕಿತ್ತು. ಹಿಮ ಬೀಳುವ ಮುನ್ನ ದಾರಿ ತೆರೆಯದಿದ್ದರೆ ಲೇಹ್ ಕೈತಪ್ಪುವ ಭಯ. ಆ ವಲಯದ ಹೊಣೆ ಹೊತ್ತಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಅವರು ಟ್ಯಾಂಕು ತರಿಸಲು ನಿರ್ಧರಿಸಿದರು.

ಸುಮಾರು 11,500 ಅಡಿ ಎತ್ತರ. ಇದ್ದದ್ದು ಹೇಸರಗತ್ತೆಗಳು ನಡೆಯುವ ಹಾದಿ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗುರುತು ಸಿಗದಿರಲೆಂದು ಅವುಗಳ ಗೋಪುರಗಳನ್ನು ಕಳಚಿ ಜಮ್ಮುವಿನ ಕಡೆಯಿಂದ ಶ್ರೀನಗರಕ್ಕೆ ಸಾಗಿಸಲಾಯಿತು. ಕಣಿವೆಯ ಬುಡದ ಬಾಲ್ಟಾಲ್‌ನಿಂದ ಮೇಲಕ್ಕೆ ಹಾದಿ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರನ್ನೇ ಮನೆ ಮಾಡಿಕೊಂಡಿರುವ ಎಂಜಿನಿಯರ್ ಪಡೆಯವರು. ಬಂಡೆ ಒಡೆದು, ಮಣ್ಣು ಸರಿಸಿ, ಶತ್ರುವಿನ ಗುಂಡಿನ ನಡುವೆಯೇ ದುಡಿದ ಈ ಯೋಧರ ಹೆಸರುಗಳು ಜನರ ನಾಲಿಗೆಯ ಮೇಲೆ ಇಲ್ಲದಿರುವುದು ನಿಜಕ್ಕೂ ನೋವಿನ ಸಂಗತಿ. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕೊಂದರಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಅದೇ ತಿಂಗಳು ದ್ರಾಸ್ ಮತ್ತು ಕಾರ್ಗಿಲ್ ಮರಳಿ ವಶವಾದವು.

ಇದನ್ನು ಬರೀ ಸಾಹಸವೆಂದು ಹೊಗಳಿ ಸುಮ್ಮನಾದರೆ ತಿಮ್ಮಯ್ಯನವರಿಗೆ ಅನ್ಯಾಯ ಮಾಡಿದಂತೆ. ಹಿಂದಿನ ಯುದ್ಧಗಳಲ್ಲಿ ರಕ್ತ ಹರಿಸಿ ಕಲಿತದ್ದನ್ನು ಇಡೀ ಪಡೆ ಮೈಗೂಡಿಸಿಕೊಂಡಾಗ ಅದು ಸೇನಾ ಸಿದ್ಧಾಂತವಾಗುತ್ತದೆ. ಟ್ಯಾಂಕು ಬಯಲಿನ ಅಸ್ತ್ರ ಎಂಬುದು ಆಗಿನ ಸಾಮಾನ್ಯ ಗ್ರಹಿಕೆ. ಆದರೆ ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಇಂಫಾಲ್ ಬಳಿಯ ನುನ್‌ಶಿಗಮ್ ಗುಡ್ಡವನ್ನು ಟ್ಯಾಂಕುಗಳು ಹತ್ತಿ ತೋರಿಸಿದ್ದವು. 7ನೇ ಕ್ಯಾವಲ್ರಿಯೂ ಇಂಫಾಲ್‌ನಲ್ಲಿ ಕಾದಾಡಿತ್ತು. ಬರ್ಮಾ ರಂಗದಲ್ಲಿ ಬೆಟಾಲಿಯನ್ ಮುನ್ನಡೆಸಿದ್ದ ತಿಮ್ಮಯ್ಯನವರಿಗೆ ಈ ಅನುಭವ ಅಪರಿಚಿತವಾಗಿರಲಾರದು. ನಿಯಮವನ್ನು ಬೇರುಸಹಿತ ಬಲ್ಲವರು ಮಾತ್ರ ಅದನ್ನು ಎಲ್ಲಿ ದಾಟಬಹುದೆಂದು ಅಳೆಯಬಲ್ಲರು. ಅಳೆದ ಮೇಲೆ ಅಪಾಯದಲ್ಲಿ ತಾವೂ ಪಾಲುದಾರರಾಗಬೇಕು. ತಿಮ್ಮಯ್ಯ ಎರಡನ್ನೂ ಮಾಡಿದರು.

ಕೊರಿಯಾ ಯುದ್ಧ ನಿಂತ ಮೇಲೆ ಅಲ್ಲಿ ಅವರಿಗೆ ಎದುರಾದ ಸವಾಲೇ ಬೇರೆ. 1953ರಲ್ಲಿ ತಟಸ್ಥ ರಾಷ್ಟ್ರಗಳ ಯುದ್ಧಕೈದಿ ಆಯೋಗದ ಅಧ್ಯಕ್ಷರಾದಾಗ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಉಸ್ತುವಾರಿ ಅವರ ಹೆಗಲೇರಿತು. ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ಒಳಗೆ ಎಳೆದುಕೊಂಡಾಗ, ಭಾರತೀಯ ಪಡೆಯ ಮುಖ್ಯಸ್ಥ ಮೇಜರ್ ಜನರಲ್ ತೋರಾಟ್ ನಿರಾಯುಧರಾಗಿ ಶಿಬಿರದೊಳಕ್ಕೆ ಹೋಗಿ ಬಿಡಿಸಿ ತಂದರು. ಅಂಥ ಹೊತ್ತಿಗೆಂದು ಬರೆದಿಟ್ಟ ಪಾಠ ಯಾವುದೂ ಇರಲಿಲ್ಲ. ವೃತ್ತಿಯ ಸಂಯಮವೇ ದಾರಿ ತೋರಿತು.

ಭೂಸೇನೆಯ ಮುಖ್ಯಸ್ಥರಾದ ಮೇಲೆ, 1959ರ ಆಗಸ್ಟ್ 31ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಮತದಿಂದ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಮನವೊಲಿಸಿದಾಗ ಹಿಂತೆಗೆದುಕೊಂಡರು. ಈ ಹೆಜ್ಜೆ ಸೇನಾ ನಾಯಕತ್ವದ ಅತಿ ಕಠಿಣ ಪ್ರಶ್ನೆಯನ್ನು ಮುಂದಿಡುತ್ತದೆ. ಚುನಾಯಿತ ಸರ್ಕಾರದ ಅಧೀನದಲ್ಲಿರಬೇಕು ಎಂಬ ಮೌಲ್ಯ ಒಂದೆಡೆ, ಸೈನಿಕರ ಹಿತ ಕಾಯುವ ಹೊಣೆ ಇನ್ನೊಂದೆಡೆ. ಹಿಂತೆಗೆದುಕೊಂಡದ್ದು ಸರಿಯೇ; ಮುನಿಸಿನ ಕಾರಣಗಳು ಮಾತ್ರ ಹಾಗೆಯೇ ಉಳಿದವು. 1961ರಲ್ಲಿ ನಿವೃತ್ತರಾದರು. ಮರುವರ್ಷ ಜುಲೈನಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ, ಚೀನಾವನ್ನು ಭಾರತವೊಂದೇ ನೇರ ಯುದ್ಧದಲ್ಲಿ ಎದುರಿಸುವುದು ಸೈನಿಕನಾಗಿ ತಮಗೆ ಊಹೆಗೂ ನಿಲುಕದು, ಆ ಕೆಲಸ ರಾಜಕಾರಣಿಗಳದು, ರಾಜತಾಂತ್ರಿಕರದು ಎಂಬರ್ಥದಲ್ಲಿ ಬರೆದರು. ಅಕ್ಟೋಬರಿನಲ್ಲಿ ಯುದ್ಧ ನಡೆದೇಹೋಯಿತು.