ಹುಡುಕುವುದೂ ಒಂದು ವಿದ್ಯೆ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಿಮಗೆ ಮೊಬೈಲಿನಲ್ಲಿ ಉತ್ತರ ಸಿಗುವುದು ಇಂದು ಸುಲಭ. ಸರಿಯಾದುದನ್ನು ಆರಿಸುವುದೇ ಕಲಿಯಬೇಕಾದ ವಿದ್ಯೆ.

ಪಾವಗಡದ ತಿರುಮಣಿಯ ಸೌರ ವಿದ್ಯುತ್ ಪಾರ್ಕನ್ನೇ ತೆಗೆದುಕೊಳ್ಳಿ. ಅದರ ಸಾಮರ್ಥ್ಯವನ್ನು ಹುಡುಕಿದರೆ ಒಂದು ಕಡೆ 600, ಇನ್ನೊಂದು ಕಡೆ 2000, ಮತ್ತೊಂದು ಕಡೆ 2050 ಮೆಗಾವಾಟ್ ಎಂದಿರುತ್ತದೆ. 600 ಎಂಬುದು 2018ರ ಮೊದಲ ಹಂತದ್ದು. 2000 ಯೋಜನೆಯ ಗುರಿ. 2050 ಎಂಬುದು 2019ರ ಡಿಸೆಂಬರ್ ವೇಳೆಗೆ ಸಿದ್ಧವಾದದ್ದು. ತಿಳಿಯದೆ ಬರೆದರೆ ಹಳೆಯ ಅಂಕಿಯೇ ನಿಮ್ಮ ಉತ್ತರವಾಗುತ್ತದೆ.

ಆದ್ದರಿಂದ ಮೊದಲು ಕೇಳಿಕೊಳ್ಳಿ: ಬರೆದವರು ಯಾರು? ಯಾವಾಗ ಬರೆದರು? ಬೇರೆಡೆಯೂ ಹೀಗೇ ಇದೆಯೆ? ಅನಂತರ ಮೊಬೈಲನ್ನು ಬದಿಗಿಟ್ಟು, ತಿಳಿದದ್ದನ್ನು ನಿಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಎಲ್ಲಿ ಕೈ ತಡೆಯುತ್ತದೋ ಅಲ್ಲಿಂದ ಮತ್ತೆ ಓದಿ.